ದೂರದ ಬೆಟ್ಟ ಹತ್ತಿರಕ್ಕೆ ಬಂದಾಗ

ನಮ್ಮ ಮನೆಗೆ ಫ್ರಿಜ್ಜು ಬಂದಾಗ ಯಾರೂ ತುಟಿ ಬಿಚ್ಚಲಿಲ್ಲ, ಬಣ್ಣ ಯಾವುದೆಂದು ಕೂಡ ಕೇಳಲಿಲ್ಲ. ಕ್ಯಾಮೆರಾ ಕೊಳ್ಳುವ ಮಾತು ಹೊರಟದ್ದೇ ತಡ, ಎಲ್ಲರಿಗೂ ಒಂದೊಂದು ಅಭಿಪ್ರಾಯ ಹುಟ್ಟಿಕೊಂಡಿತು. ಹೆಂಡತಿಗೆ ಜೋಗದ ಎದುರು ತೆಗೆದ ಚಿತ್ರದಲ್ಲಿ ರಾಜಾ, ರಾಣಿ, ರೋರರ್, ರಾಕೆಟ್ ನಾಲ್ಕೂ ಇರಬೇಕು, ಮುಂದೆ ನಿಂತ ನೆಂಟರೂ ಇರಬೇಕು, ಯಾರ ಕಿವಿಯೂ ಅಂಚಿನಲ್ಲಿ ಕತ್ತರಿಸಿಹೋಗಬಾರದು. ಮಗಳಿಗೆ ಮಂಗಟ್ಟೆ ಹಕ್ಕಿಯ ಕಣ್ಣು ಕಾಣಬೇಕು. ಚಂದ್ರನ ಕುಳಿಗಳೂ ಕಂಡರೆ ಇನ್ನೂ ಒಳ್ಳೆಯದು. ಭಾವಮೈದುನನಿಗೆ ಎಷ್ಟು ಪಟ್ಟು ಎಂಬುದೊಂದೇ ಮುಖ್ಯ. ಮೊಬೈಲಿನಲ್ಲೇ 100 ಪಟ್ಟಿನ ಜೂಮ್ ಬಂದಿರುವಾಗ 65ರದ್ದನ್ನು ದುಡ್ಡು ಕೊಟ್ಟು ಕೊಳ್ಳುವವರುಂಟೇ ಎಂಬುದು ಅವನ ವಾದ. ಅಪ್ಪಯ್ಯ ಮಾತ್ರ ಜಗುಲಿಯಲ್ಲಿ ಕವಳ ಹಾಕುತ್ತ, "ನೋಡಲಿಕ್ಕೆ ಕಣ್ಣಿದೆ, ತೆಗೆಯಲಿಕ್ಕೆ ಮೊಬೈಲಿದೆ. ಮತ್ತೆ ಅದೇನಕ್ಕೆ?" ಎಂದು ಚರ್ಚೆಯನ್ನು ಅವರ ಮಟ್ಟಿಗೆ ಮುಗಿಸಿಬಿಟ್ಟರು.

ಈ ಪಟ್ಟಿನ ಲೆಕ್ಕ ಬಿಡಿಸಿ ಹೇಳಿದರೆ ಭಾವಮೈದುನನಿಗೆ ಸಿಟ್ಟು ಬರುತ್ತದೆ. ಆದರೂ ಹೇಳಿದೆ. ಲೆನ್ಸಿನ ಅತಿ ದೂರದ ತುದಿಯನ್ನು ಅತಿ ಅಗಲದ ತುದಿಯಿಂದ ಭಾಗಿಸಿದರೆ ಬರುವ ಸಂಖ್ಯೆ ಅದು, ಅಷ್ಟೇ. ಕ್ಯಾನನ್‌ನ ಎಸ್‌ಎಕ್ಸ್70 ಕ್ಯಾಮೆರಾ ಹಳೆಯ ಫಿಲ್ಮ್ ಕ್ಯಾಮೆರಾದ ಲೆಕ್ಕಕ್ಕೆ ತಂದ ಫೋಕಲ್ ದೂರದಲ್ಲಿ 21ರಿಂದ 1365 ಮಿಲಿಮೀಟರಿನವರೆಗೆ ಹೋಗುತ್ತದೆ, ಆದ್ದರಿಂದ 65. ನಿಕಾನ್‌ನ ಪಿ900 ಕ್ಯಾಮೆರಾ 24ರಿಂದ 2000, ಆದ್ದರಿಂದ 83. 2018ರಲ್ಲಿ ಬಂದ ಪಿ1000 ಅಂತೂ 24ರಿಂದ 3000, ಅಂದರೆ 125. ಸೋನಿಯ ಆರ್‌ಎಕ್ಸ್10 ಸಾಲಿನ ನಾಲ್ಕನೆಯದು 600ಕ್ಕೇ ನಿಂತುಬಿಡುತ್ತದೆ, ಬರೀ 25 ಪಟ್ಟು. ಬೆಲೆ ಮಾತ್ರ ಇವೆಲ್ಲಕ್ಕಿಂತ ಹೆಚ್ಚು.

"ಪಟ್ಟಿಗೆ ಎಷ್ಟು ಬಿತ್ತು ಎಂದು ಲೆಕ್ಕ ಹಾಕಿ ನೋಡಿ ಭಾವ" ಎಂದು ಅವನು ಕಾಗದ, ಪೆನ್ನು ಮುಂದಿಟ್ಟ.

ಸೋನಿಯದರ ಒಳಗೆ ಬೆಳಕು ಹಿಡಿಯುವ ಸೆನ್ಸರು ವಿಸ್ತೀರ್ಣದಲ್ಲಿ ಉಳಿದವುಗಳ ಸುಮಾರು ನಾಲ್ಕರಷ್ಟಿದೆ, ಕತ್ತಲೆಯಲ್ಲಿ ಚಿತ್ರ ಚೆನ್ನಾಗಿ ಬರುತ್ತದೆ ಎಂದೆ. ಸೆನ್ಸರು ಒಳಗಿರುತ್ತದೆ, ಯಾರಿಗೂ ಕಾಣುವುದಿಲ್ಲ ಎಂದ. ಮೊಬೈಲಿನ 100 ಪಟ್ಟಿನಲ್ಲಿ ಬಹುಪಾಲು ಲೆನ್ಸಿನ ಕೆಲಸವೇ ಅಲ್ಲ, ಚಿತ್ರದ ನಡುಭಾಗವನ್ನು ಕತ್ತರಿಸಿ ಹಿಗ್ಗಿಸುವ ಕೆಲಸ ಎಂದೂ ಹೇಳಿದೆ. ಅದರಲ್ಲಿ ತೆಗೆದದ್ದು ಮಂಗಟ್ಟೆಯೂ ಆಗಬಹುದು, ಮಂಗವೂ ಆಗಬಹುದು. ಈ ಮಾತಿಗೆ ಮಗಳೊಬ್ಬಳೇ ನಕ್ಕಳು.

ಶಿವಮೊಗ್ಗದಲ್ಲಿ ಕ್ಯಾಮೆರಾ ಅಂಗಡಿಗಳೀಗ ಹೆಚ್ಚಾಗಿ ಮದುವೆ ಫೋಟೋಗ್ರಾಫರುಗಳನ್ನೇ ನಂಬಿಕೊಂಡಿವೆ. ನಮ್ಮಂಥವರು ಹೋಗಿ "ಮನೆಮಂದಿಯ ಫೋಟೋ ತೆಗೆಯಲು, ದೂರದ್ದೂ ಕಾಣುವ ಹಾಗೆ" ಎಂದರೆ ಅಂಗಡಿಯವರು ಮೊದಲು ನಮ್ಮ ಮುಖ ನೋಡುತ್ತಾರೆ, ಆಮೇಲೆ ಮೇಲಿನ ಅಟ್ಟಣಿಗೆ ನೋಡುತ್ತಾರೆ. ಅಂತೂ ಧೂಳು ಒರೆಸಿ ಒಂದೆರಡನ್ನು ಮೇಜಿನ ಮೇಲಿಟ್ಟರು. ದೊಡ್ಡದನ್ನು ಹೆಂಡತಿ ಎತ್ತಿ ನೋಡಿದಳು. ಸುಮಾರು 1.4 ಕಿಲೋ. "ಇದನ್ನು ಕೊರಳಿಗೆ ಹಾಕಿಕೊಂಡು ಕೊಡಚಾದ್ರಿ ಹತ್ತುವವರು ಯಾರು?" ಎಂದಾಗ ಭಾವಮೈದುನ ನನ್ನ ಕಡೆ ತಿರುಗಿದ, ನಾನು ಗೋಡೆಯ ಕ್ಯಾಲೆಂಡರಿನ ಕಡೆ ತಿರುಗಿದೆ. 125 ಅಲ್ಲಿಗೇ ಮುಗಿಯಿತು.

ಉಳಿದ 83ರದ್ದನ್ನು ಅಂಗಡಿಯ ಹುಡುಗ ಬಾಗಿಲಿಗೆ ತಂದು ರಸ್ತೆಯಾಚೆ ಹಿಡಿದ. ಎದುರು ಅಂಗಡಿಯ ಯಜಮಾನರು ಗಿರಾಕಿಯಿಲ್ಲದೆ ಪತ್ರಿಕೆ ಬಿಡಿಸಿಕೊಂಡು ಕೂತಿದ್ದರು. ಲೆನ್ಸು ಗುಂಯ್ ಎನ್ನುತ್ತ ಮೂತಿ ಚಾಚಿತು. ಪರದೆಯ ಮೇಲೆ ಮೊದಲು ಯಜಮಾನರು ಬಂದರು, ಆಮೇಲೆ ಅವರ ಕೈ, ಆಮೇಲೆ ಉಂಗುರ, ಆಮೇಲೆ ಪತ್ರಿಕೆಯ ಹೊರಪುಟದ ಒಂದು ಮೂಲೆ. ಅಡಿಕೆ ಧಾರಣೆ: ಸರಕು, ಬೆಟ್ಟೆ, ರಾಶಿ, ಗೊರಬಲು. ಪಕ್ಕದಲ್ಲಿ ಕನಿಷ್ಠ, ಗರಿಷ್ಠ. ಅಷ್ಟು ಹೊತ್ತು ಸ್ಟೂಲಿನ ಮೇಲೆ ಕೂತು ಬೈಪಾಸು ಬಸ್ಸಿನ ಹೊತ್ತಾಯಿತೆಂದು ಗೊಣಗುತ್ತಿದ್ದ ಅಪ್ಪಯ್ಯ ಎದ್ದು ಬಂದು ಕನ್ನಡಕ ಸರಿಮಾಡಿಕೊಂಡರು. "ಸ್ವಲ್ಪ ಕೆಳಗೆ ಹಿಡಿ ಮಾರಾಯ, ರಾಶಿಯ ಗರಿಷ್ಠ ಎಷ್ಟಿದೆ?" ಹುಡುಗ ಹಿಡಿದ. ಅಪ್ಪಯ್ಯ ಓದಿದರು. ಹಿಂದಿನ ವಾರಕ್ಕಿಂತ ಏರಿತ್ತು. "ಇದನ್ನೇ ಕಟ್ಟಿಕೊಡಿ" ಎಂದರು.

ಇಷ್ಟರ ಮೇಲೆ ಸೆನ್ಸರಿನ ವಿಸ್ತೀರ್ಣವನ್ನು ಯಾರು ಕೇಳುತ್ತಾರೆ?

ಜೋಗಕ್ಕೆ ಆಷಾಢದಲ್ಲಿ ಹೋದೆವು. ಬೇಸಿಗೆಯಲ್ಲಿ ಹೋದರೆ ನೀರೆಲ್ಲ ಲಿಂಗನಮಕ್ಕಿಯಲ್ಲೇ ಉಳಿದು ಬಂಡೆ ನೋಡಿ ಬರಬೇಕಾಗುತ್ತದೆ. ಮಳೆಗಾಲದಲ್ಲಿ ಹೋದರೆ ನೀರಿರುತ್ತದೆ, ಅದರ ಮುಂದೆ ಮಂಜಿರುತ್ತದೆ. 253 ಮೀಟರ್ ಎತ್ತರದಿಂದ ಬೀಳುವ ಶರಾವತಿಯ ಸದ್ದು ಕೇಳುತ್ತಿತ್ತು, ಕಾಣುತ್ತಿದ್ದದ್ದು ಒಗೆದು ಹರವಿದ ಬಿಳಿ ಪಂಚೆ. ಕ್ಯಾಮೆರಾ ಫೋಕಸ್ ಹುಡುಕಿಕೊಂಡು ಮುಂದಕ್ಕೆ ಹೋಯಿತು, ಹಿಂದಕ್ಕೆ ಬಂದಿತು, ಮತ್ತೆ ಹೋಯಿತು. ಬೆಳಕು ನೆರಳಿನ ಗೆರೆಯೊಂದು ಸಿಕ್ಕದೆ ಅದಕ್ಕೆ ಫೋಕಸ್ ಕೂರುವುದಿಲ್ಲ. ಮಂಜಿನಲ್ಲಿ ಗೆರೆ ಎಲ್ಲಿಂದ ಬರಬೇಕು? ಎಷ್ಟು ಪಟ್ಟು ಹಿಗ್ಗಿಸಿದರೂ ಮಂಜೇ ಅಷ್ಟು ಪಟ್ಟು ಹತ್ತಿರ ಬರುತ್ತದೆ. ಎಲ್ಲರೂ ಬೇಸತ್ತು ಸುಟ್ಟ ಜೋಳದ ಕಡೆ ಹೊರಟು ಬೆನ್ನು ತಿರುಗಿಸಿದಾಗ ಮಂಜಿನ ಪರದೆ ಸರಿಯಿತು. ನಾಲ್ಕೂ ಧಾರೆ, ಅದರ ಮುಂದೆ ನಮ್ಮ ಮನೆಮಂದಿಯ ಬೆನ್ನುಗಳು. ಅಗಲದ ತುದಿ 24 ಇದ್ದುದರಿಂದ ಒಂದು ಬೆನ್ನೂ ತಪ್ಪಿಹೋಗಿಲ್ಲ. ಹೆಂಡತಿಯ ಬೇಡಿಕೆ ಅಕ್ಷರಶಃ ಈಡೇರಿದೆ. ಯಾರ ಕಿವಿಯೂ ಕತ್ತರಿಸಿಹೋಗಿಲ್ಲ.

ದೂರದ ತುದಿಗೆ ನಿಜವಾದ ಕೆಲಸ ಸಿಕ್ಕಿದ್ದು ಮಂಡಗದ್ದೆಯಲ್ಲಿ. ತೀರ್ಥಹಳ್ಳಿಗೆ ಹೋಗುವ ರಸ್ತೆಯ ಪಕ್ಕದಲ್ಲೇ, ತುಂಗೆಯ ನಡುಗಡ್ಡೆಯ ಮರಗಳಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಮಳೆಗಾಲದ ಸಂಸಾರ ಹೂಡಿರುತ್ತವೆ. ಮಗಳು ಕ್ಯಾಮೆರಾ ಕೈಗೆ ತೆಗೆದುಕೊಂಡಳು. 2000 ಮಿಲಿಮೀಟರಿನಲ್ಲಿ ನೋಡಿದರೆ ಲೋಕದಲ್ಲಿ ಕಾಣುವುದು ಒಂದು ಡಿಗ್ರಿಗಿಂತ ತುಸು ಹೆಚ್ಚು, ಅಷ್ಟೇ. ಬರಿಗಣ್ಣಿಗೆ ನೂರಾರು ಹಕ್ಕಿ, ಪರದೆಯಲ್ಲಿ ಎಲೆ, ಎಲೆ, ಆಕಾಶ, ಎಲೆ. "ಬಲಕ್ಕೆ, ಇನ್ನೂ ಬಲಕ್ಕೆ, ಅಯ್ಯೋ ದಾಟಿಹೋಯಿತು" ಎಂದು ನಾವೆಲ್ಲ ಹಿಂದಿನಿಂದ ಕೂಗುತ್ತಿದ್ದೆವು. ಇದಕ್ಕೆಂದೇ ಕೆಲವು ಕ್ಯಾಮೆರಾಗಳ ಲೆನ್ಸಿನ ಪಕ್ಕದಲ್ಲಿ ಒಂದು ಗುಂಡಿ ಇರುತ್ತದೆ; ಒತ್ತಿದರೆ ನೋಟ ಕ್ಷಣಕಾಲ ಅಗಲವಾಗುತ್ತದೆ, ಹಕ್ಕಿಯನ್ನು ನಡುವಿಗೆ ತಂದು ಬಿಟ್ಟರೆ ಮತ್ತೆ ಹತ್ತಿರಕ್ಕೆ ಬರುತ್ತದೆ. ಕೊಳ್ಳುವವರು ಪಟ್ಟು ಎಣಿಸುವುದನ್ನು ಬಿಟ್ಟು ಈ ಗುಂಡಿಯನ್ನು ಹುಡುಕಿದರೆ ಮನೆಯಲ್ಲಿ ಜಗಳ ಕಡಿಮೆಯಾಗುತ್ತದೆ. ಕಟಕಟೆಯ ಮೇಲೆ ಮೊಣಕೈ ಊರಿ, ಉಸಿರು ಹಿಡಿದು, ಮಗಳು ಕೊನೆಗೂ ಒಂದು ಹಾವಕ್ಕಿಯನ್ನು ಹಿಡಿದಳು. ರೆಕ್ಕೆ ಹರವಿ ಒಣಗಿಸಿಕೊಳ್ಳುತ್ತಿದೆ, ಕೊಕ್ಕಿನ ತುದಿಯಲ್ಲಿ ಒಂದು ಹನಿ ನೀರು. ಮೋಡದ ಮಂಕಿನಲ್ಲಿ ಚಿತ್ರ ರವೆರವೆಯಾಗಿದೆ, ಆದರೂ ಚೆಂದವಿದೆ. ಅದನ್ನು ನೋಡಿದ ಮೇಲೆ ಭಾವಮೈದುನ ಕೂಡ ಸ್ವಲ್ಪ ಹೊತ್ತು ಸುಮ್ಮನಿದ್ದ.

ಉಪನಯನದ ಮನೆಯಲ್ಲಿ ಆದದ್ದು ಬೇರೆಯೇ ಕಥೆ. ಹತ್ತಿರ ಹೋಗಿ ಕ್ಯಾಮೆರಾ ಹಿಡಿದರೆ ನಮ್ಮ ಕಡೆಯವರು ಕೈ ಇಳಿಬಿಟ್ಟು, ಉಸಿರು ಬಿಗಿಹಿಡಿದು ನಿಂತುಬಿಡುತ್ತಾರೆ. ಅದಕ್ಕೇ ಚಪ್ಪರದ ಒಂದು ಮೂಲೆಯಲ್ಲಿ ನಿಂತು ಪಂಕ್ತಿಯ ಆ ತುದಿಯವರನ್ನು ಅವರಿಗೆ ತಿಳಿಯದ ಹಾಗೆ ತೆಗೆದೆ. ಸಹಜವಾಗಿಯೇ ಬಂದವು. ಎಷ್ಟು ಸಹಜವೆಂದರೆ, ಸಕ್ಕರೆ ಕಾಯಿಲೆಯೆಂದು ಸಿಹಿ ಬಿಟ್ಟೇ ವರ್ಷವಾಯಿತೆಂದು ಎಲ್ಲರಿಗೂ ಹೇಳಿಕೊಂಡು ಬರುವ ದೊಡ್ಡತ್ತೆ, ಸೆರಗಿನ ಮರೆಯಲ್ಲಿ ಜಿಲೇಬಿಯನ್ನು ಬಾಯಿಗೆ ತಂದಿದ್ದಾರೆ. ಬೆರಳಿನಿಂದ ಪಾಕ ಇಳಿಯುತ್ತಿದೆ, ಮೂಗುಬೊಟ್ಟು ಹೊಳೆಯುತ್ತಿದೆ, ಮುಖದಲ್ಲಿ ಅಂಥ ಸಂತೋಷ ಅವರ ಮದುವೆಯ ಫೋಟೋದಲ್ಲೂ ಇಲ್ಲ. ಮಗಳು ಎಲ್ಲವನ್ನೂ ಒಟ್ಟಿಗೆ ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿದಳು. ಸಂಜೆಯೊಳಗೆ ದೊಡ್ಡತ್ತೆಯ ಫೋನು ಬಂತು. "ಅದು ನಾನಲ್ಲ" ಎಂದರು. ಬಳೆ ನಿಮ್ಮದೇ ಅಲ್ಲವೇ ಎಂದೆ. "ಅಷ್ಟು ದೂರದಿಂದ ಬಳೆ ಕಾಣುವ ಯಂತ್ರವನ್ನು ಉಪನಯನಕ್ಕೆ ಯಾರಾದರೂ ತರುತ್ತಾರಾ?" ಮುಂದಿನ ಸಮಾರಂಭಕ್ಕೆ ಕರೆಯುವಾಗ, ಕ್ಯಾಮೆರಾ ಮನೆಯಲ್ಲೇ ಬಿಟ್ಟು ಬರಬೇಕೆಂದು ಕುಂಕುಮ ಕೊಟ್ಟೇ ಹೇಳಿದರು.

ಅಪ್ಪಯ್ಯನಿಗೆ ಫೋಟೋದ ಗೊಡವೆಯೇ ಇಲ್ಲ. ಜಗುಲಿಯಲ್ಲಿ ಕೂತು ತೋಟದಾಚೆಯ ರಸ್ತೆಯಲ್ಲಿ ಯಾರ ಜೀಪು ಹೋಯಿತು, ಮಂಗಗಳು ಯಾವ ತೆಂಗಿನ ಮರಕ್ಕೆ ಬಂದವು, ಅಡಿಕೆ ಕೊನೆ ಕೊಯ್ಯಲು ಬರುತ್ತೇನೆಂದ ಕೊನೆಗೌಡ ಪಕ್ಕದ ಮನೆಯ ತೋಟಕ್ಕೆ ಏಕೆ ಇಳಿದ ಎಂದು ನೋಡುತ್ತಾರೆ. ಗುಂಡಿ ಒತ್ತಿ ಎಂದರೆ "ಕಂಡಿತಲ್ಲ, ಮತ್ತೇಕೆ?" ಎನ್ನುತ್ತಾರೆ. ಹಕ್ಕಿ ಬಂದ ಹೊತ್ತಿಗೆ ಬ್ಯಾಟರಿ ಸತ್ತಿರುತ್ತದೆ.

ಇನ್ನು ಬೂಸು. ಜೂಮಿನ ಕೊಳವೆ ಚಾಚಿದಾಗೆಲ್ಲ ಹೊರಗಿನ ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ, ನಮ್ಮೂರಿನ ಮಳೆಗಾಲದ ಗಾಳಿಯೆಂದರೆ ಅರ್ಧ ನೀರೇ. ಲೆನ್ಸಿನೊಳಗೆ ಶಿಲೀಂಧ್ರ ಜೇಡನ ಬಲೆ ನೇಯ್ದರೆ ಒರೆಸಲು ಬೆರಳು ಹೋಗುವುದಿಲ್ಲ. ಹಳೆಯ ಸ್ಟುಡಿಯೋದವರು ಕಪಾಟಿನೊಳಗೆ ಸಣ್ಣ ಬಲ್ಬು ಉರಿಸಿಟ್ಟು ಕ್ಯಾಮೆರಾ ಕಾಯುತ್ತಿದ್ದರು. ಆ ಉಪಾಯಕ್ಕೆ ಆಷಾಢದಲ್ಲಿ ಕರೆಂಟು ಬೇಕು. ಅಕ್ಕಿಯ ಡಬ್ಬದಲ್ಲಿಡು ಎಂದವರಿದ್ದರು. ಅಕ್ಕಿಯ ಹಿಟ್ಟು ಕೊಳವೆಗೆ ಹೊಕ್ಕರೆ ಬೂಸೇ ಮೇಲು. ಕೊನೆಗೆ ಮನೆಯಲ್ಲಿ ಮಳೆಗಾಲವೆಲ್ಲ ಒಣಗಿಯೇ ಇರುವ ಜಾಗ ಯಾವುದೆಂದು ಯೋಚಿಸಿದರೆ ಸಿಕ್ಕಿದ್ದು ಒಂದೇ: ಅಮ್ಮನ ಹಪ್ಪಳದ ಡಬ್ಬ. ಮುಚ್ಚಳ ಹಾಕಿದರೆ ಗಾಳಿಯಾಡದು, ಬೇಸಿಗೆಯ ಹಲಸಿನ ಹಪ್ಪಳ ಶ್ರಾವಣದಲ್ಲೂ ಮುರಿದರೆ ಪಟ್ ಎನ್ನುತ್ತದೆ. ಕ್ಯಾಮೆರಾವನ್ನು ಬಟ್ಟೆಯಲ್ಲಿ ಸುತ್ತಿ, ಚಪ್ಪಲಿ ಪೆಟ್ಟಿಗೆಗಳಲ್ಲಿ ಬಂದ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಒಂದು ಮಗ್ಗುಲಿಗೆ ಇಟ್ಟೆವು. ಅಮ್ಮ ಒಪ್ಪಿದ್ದು ಸುಲಭಕ್ಕಲ್ಲ. ಈಗ ಮಂಗಟ್ಟೆ ಬಂತೆಂದು ಮಗಳು ಕೂಗಿದರೆ ನಾವು ಅಡುಗೆಮನೆಗೆ ಓಡುತ್ತೇವೆ, ಕಣ್ಣಿಗೆ ಹಿಡಿದರೆ ಕೊತ್ತಂಬರಿ, ಮೆಣಸಿನ ವಾಸನೆ ಮೂಗಿಗೆ ಅಡರುತ್ತದೆ.

ಮೊನ್ನೆ ಭಾವಮೈದುನ ಆಗುಂಬೆಗೆ ಹೊರಟವನು ಕ್ಯಾಮೆರಾ ಕೇಳಲು ಬಂದ. ಮಳೆಯಲ್ಲಿ ಹಾಗೆಯೇ ಒಯ್ಯುವುದು ಬೇಡವೆಂದು ಡಬ್ಬದ ಸಮೇತ ಎತ್ತಿ ಕೊಟ್ಟೆ. ಅಮ್ಮ ಒಳಗಿನಿಂದ ಬಂದು ಮುಚ್ಚಳ ತೆಗೆದು, ಹಪ್ಪಳವನ್ನೆಲ್ಲ ಪಾತ್ರೆಗೆ ಸುರಿದುಕೊಂಡು, ಮುಚ್ಚಳವನ್ನು ಮತ್ತೆ ಒತ್ತಿ ಹಾಕಿದರು.

"ಕ್ಯಾಮೆರಾ ಎಷ್ಟು ದಿನ ಬೇಕಾದರೂ ಇಟ್ಟುಕೊ. ಡಬ್ಬ ನಾಳೆ ಸಂಜೆಯೊಳಗೆ ವಾಪಸು ಬರಬೇಕು."