ಚೌಥಿ ಸೀಟಿನ ಸಫಾಯಿ

ಡೊಂಬಿವಲಿಯಿಂದ ಮುಂಬೈ ಕಡೆಗೆ ಹೊರಡುವ ಫಾಸ್ಟ್ ಲೋಕಲ್‌ನಲ್ಲಿ ನನ್ನ ಹಣೆಯಲ್ಲಿ ಬರೆದಿರುವುದು ಚೌಥಿ ಸೀಟ್. ಮೂವರ ಬೆಂಚಿಗೆ ನಾಲ್ಕನೆಯವ, ಅರ್ಧ ಮೈ ಹೊರಗೆ. ಹಾಗೆ ಕೂತೇ ನಾನು ಪೈನ್‌ಫೋನ್ ಅನ್ನುವ ಲಿನಕ್ಸ್ ಫೋನ್ ಒತ್ತುತ್ತಿರುತ್ತೇನೆ. ಒಳಗೆ ಮೋಬಿಯನ್, ಅಂದರೆ ಡೆಬಿಯನ್ ಲಿನಕ್ಸನ್ನೇ ಫೋನಿಗೆ ಹೊಂದಿಸಿದ್ದು. ಕಮಾಂಡ್ ಹೊಡೆಯುವ ಕಿಟಕಿ, ಅಂದರೆ ಟರ್ಮಿನಲ್ ತೆರೆದರೆ ಲಿನಕ್ಸ್ ಕಂಪ್ಯೂಟರ್‌ನಲ್ಲಿರುವ ಅದೇ ಬ್ಯಾಷ್, ಹೊಡೆದ ಕಮಾಂಡನ್ನು ಓದಿ ನಡೆಸುವವನು.

ಗಾಜಿನ ಮೇಲೆ ಹೆಬ್ಬೆರಳಲ್ಲಿ ಕಮಾಂಡ್ ಹೊಡೆಯುವುದು ಶಿಕ್ಷೆ. ಅದಕ್ಕೇ ಮೇಲಿನ ಬಾಣ ಒತ್ತಿ ಹಳೇ ಕಮಾಂಡನ್ನೇ ಕರೆಯುತ್ತೇನೆ. ಮೊನ್ನೆ ಹಾಗೆ ಒತ್ತುತ್ತಾ ಹೋದರೆ ನನ್ನ ಪಾಸ್‌ವರ್ಡೇ ಎದ್ದು ಬಂತು! ಯಾವತ್ತೋ ಫೋನ್ ಪಾಸ್‌ವರ್ಡ್ ಕೇಳುವ ಮೊದಲೇ ಅವಸರದಲ್ಲಿ ಹೊಡೆದುಬಿಟ್ಟಿದ್ದೆ. ಇಂಥ ಕಮಾಂಡ್ ಇಲ್ಲ ಅಂತ ಬೈದ ಬ್ಯಾಷ್, ಅದನ್ನು ಜೋಪಾನವಾಗಿ ಬರೆದೂ ಇಟ್ಟುಕೊಂಡಿತ್ತು. ಅಮ್ಮನ ಹೆಸರು, ಮುಂದೆ ಹುಟ್ಟಿದ ಇಸವಿ. ಇಂಥದ್ದು ಇಡಬೇಡಿ ಅಂತ ಊರಿಗೆಲ್ಲ ಹೇಳುವವನು ನಾನೇ.

ಪಕ್ಕದಲ್ಲಿ ಕುಂದಾಪುರದ ಹಿರಿಯರೊಬ್ಬರು. ಮಾಟುಂಗದ ಹೋಟೆಲೊಂದರಲ್ಲಿ ಗಲ್ಲೆಗೆ ಕೂರುವವರು.

"ಎಂತ ಮಾರಾಯ್ರೆ, ಹ್ಯಾಕಿಂಗಾ?"

"ಇಲ್ಲ, ಸಫಾಯಿ."

ಹಿಸ್ಟರಿ ಅಂತ ಹೊಡೆದರೆ ಎಲ್ಲ ಸಾಲೂ ನಂಬರ್ ಸಮೇತ ಬರುತ್ತದೆ. ಅದರಲ್ಲಿ ಜಾಣತನ ಹುಡುಕಬೇಕು. ಎಲ್ಲಿ ನೋಡಿದರೂ ಫೈಲುಗಳ ಪಟ್ಟಿ ಕೇಳುವ ಎಲ್‌ಎಸ್ ಬದಲು ಎಸ್‌ಎಲ್. ಮೈನಸ್ ಸಿ ಸೇರಿಸಿದರೆ ಒಂದೇ ಏಟಿಗೆ ಪಟ್ಟಿ ಖಾಲಿ. ಆದರೆ ಫೋಟೋಗಳನ್ನು ಮನೆಯ ಕಂಪ್ಯೂಟರ್‌ಗೆ ಸಾಗಿಸುವ ಮಾರುದ್ದದ ಆರ್‌ಸಿಂಕ್ ಕಮಾಂಡೂ ಅಲ್ಲೇ ಇದೆ. ಅದನ್ನು ಇನ್ನೊಮ್ಮೆ ಹೊಡೆಯುವ ತಾಕತ್ತು ಈ ಬೆರಳಿಗಿಲ್ಲ. ಹಾಗಾಗಿ ಮೈನಸ್ ಡಿ, ಮುಂದೆ ಸಾಲಿನ ನಂಬರ್.

212, ಪಾಸ್‌ವರ್ಡ್. ಹೋಯಿತು. 213, ಯಾವುದೋ ತಪ್ಪು ಕಮಾಂಡ್. ಅದೂ ಹೋಯಿತು ಅಂದುಕೊಂಡೆ. ಹೋದದ್ದು ಆರ್‌ಸಿಂಕ್! 212 ಎದ್ದ ಕೂಡಲೇ ಹಿಂದಿನವರೆಲ್ಲ ಒಂದೊಂದು ಜಾಗ ಸರಿದುಬಿಟ್ಟಿದ್ದರು, ಥೇಟ್ ಲೋಕಲ್ ಬೆಂಚು. ಕೆಳಗಿನಿಂದ ಮೇಲಕ್ಕೆ ಅಳಿಸುತ್ತಾ ಬರಬೇಕಿತ್ತು.

ಸಿಟ್ಟಿನಲ್ಲಿ ಟರ್ಮಿನಲ್ ಮುಚ್ಚಿದೆ. ಸುಮ್ನೆ ಇರಲಾರದೆ ಮತ್ತೆ ತೆರೆದರೆ ಆರ್‌ಸಿಂಕ್ ಹಾಜರ್. ಪಾಸ್‌ವರ್ಡೂ ಹಾಜರ್. ಮೈನಸ್ ಡಿ ಅಳಿಸುವುದು ಆ ಹೊತ್ತಿನ ನೆನಪಿನಿಂದ ಮಾತ್ರ. ಬ್ಯಾಷ್ ಹಿಸ್ಟರಿ ಬರೆದಿಡುವ ಫೈಲಿನಲ್ಲಿ ಇದ್ದದ್ದು ಇದ್ದ ಹಾಗೇ ಇರುತ್ತದೆ. ಮೈನಸ್ ಡಬ್ಲ್ಯೂ ಕೊಟ್ಟು ಫೈಲನ್ನೂ ಹೊಸದಾಗಿ ಬರೆಸಬೇಕು. ನನ್ನ ಮರೆವು ಒಂದನ್ನು ಉಳಿಸಿತು, ಇನ್ನೊಂದನ್ನೂ ಉಳಿಸಿತು.

ಠಾಣೆ ದಾಟಿದ ಮೇಲೆ ಎರಡನೇ ಸಲ ಸಫಾಯಿಗೆ ಕೂತೆ. ಈ ಸಲ ಕೆಳಗಿನಿಂದ, ಎಣಿಸಿ ಎಣಿಸಿ, ಕೊನೆಗೆ ಮೈನಸ್ ಡಬ್ಲ್ಯೂ. ನೋಡಿದರೆ ಅಳಿಸಲೆಂದು ನಾನು ಹೊಡೆದ ಕಮಾಂಡುಗಳನ್ನೂ ಬ್ಯಾಷ್ ಸಾಲಾಗಿ ಬರೆದಿಟ್ಟಿದೆ. ಮೊದಲು ಒಂದು ಸ್ಪೇಸ್ ಬಿಟ್ಟು ಹೊಡೆದಿದ್ದರೆ ಬರೆಯುತ್ತಿರಲಿಲ್ಲ. ಡೆಬಿಯನ್‌ನಲ್ಲಿ ಆ ಏರ್ಪಾಡು ಮೊದಲೇ ಇದೆ. ಇರಲಿ, ಕಸ ಗುಡಿಸಿದವನ ಲೆಕ್ಕವೂ ಇರಲಿ.

ಕುರ್ಲಾ ಬಂತು. ಸ್ಲೋ ಗಾಡಿ ಹಿಡಿಯಲು ಹಿರಿಯರು ಎದ್ದರು.

"ಅಮ್ಮನ ಹೆಸರು ಚಂದ ಉಂಟು," ಅಂದರು. "ಆದ್ರೆ ಬದಲಿಸಿ ಮಾರಾಯ್ರೆ."

ನಾನು ಅವರ ಜಾಗಕ್ಕೆ ಸರಿದೆ.