ಎಲ್ಲಾ ಊಹಾಪೋಹ, ಹೋಗಿ ಕೆಲ್ಸ ನೋಡ್ಕೊಳ್ಳಿ

ನಮ್ ಕಂಪ್ನಿ ಮಾರಾಟಕ್ಕಿದೆ ಅಂತ ಬೆಳಗ್ಗೆ ಸುದ್ದಿ ಬಂತು, ಊಟದ ಹೊತ್ತಿಗೆ ಮೇಲಿನವರ ಮೇಲ್ ಬಂತು. ಊಹಾಪೋಹಗಳಿಗೆ ನಾವು ಪ್ರತಿಕ್ರಿಯಿಸಲ್ಲ ಅಂತ. ಪ್ರತಿಕ್ರಿಯಿಸಲ್ಲ ಅನ್ನೋಕೆ ನಾಲ್ಕು ಪ್ಯಾರಾ! ಎಂಥಾ ಸಂಯಮ ಸ್ವಾಮಿ. ಅಲ್ಲೀವರೆಗೂ ನಂಬದೇ ಇದ್ದೋರೂ ಅದನ್ನ ಓದಿದ್ದೇ ಲಿಂಕ್ಡ್‌ಇನ್ ತೆಗೆದು ಫೋಟೋ ಬದಲಾಯಿಸಿದ್ರು, ರಿಸೆಪ್ಷನ್ ಸೂಟಲ್ಲಿ ತೆಗೆಸಿದ್ದು, ಪಕ್ಕದಲ್ಲಿದ್ದ ಹೆಂಡ್ತಿನ ಕ್ರಾಪ್ ಮಾಡಿ.

ನಮಗಿಂತ ಮುಂಚೆ ಗೊತ್ತಿದ್ದಿದ್ದು ಕ್ಯಾಬ್ ಡ್ರೈವರ್‌ಗಳಿಗೆ. ಒಬ್ರು ಮಾರತ್ತಹಳ್ಳಿ ಬ್ರಿಜ್ ಹತ್ರ ಜಾಮಲ್ಲಿ ನಿಂತಾಗ ಹೇಳಿದ್ರು, "ಸಾರ್, ನಮ್ ಕಾಂಟ್ರಾಕ್ಟ್ ಒಂದೊಂದೇ ತಿಂಗಳು ಮುಂದಕ್ಕೆ ಹಾಕ್ತಾ ಅವ್ರೆ, ನಿಮ್ದು ಏನೋ ಐತೆ ನೋಡ್ಕಳಿ." ಇದಕ್ಕಿಂತ ಒಳ್ಳೆ ಅನಲಿಸ್ಟ್ ಯಾವ ಬ್ಯಾಂಕಲ್ಲಿದಾನೆ? ಆಮೇಲೆ ಕಾಫಿ ಮಷಿನ್. ಎರಡನೇ ಫ್ಲೋರಿಂದು ಕೆಟ್ಟು ಕೂತು ಎಷ್ಟೋ ಕಾಲ ಆಯ್ತು, ರಿಪೇರಿ ಇಲ್ಲ. ಬಿಸ್ಕತ್ತು ಕ್ರೀಮಿಂದ ಮಾರಿಗೆ ಇಳೀತು, ಮಾರಿನೂ ಈಗ ಹನ್ನೊಂದು ಗಂಟೆಗೇ ಖಾಲಿ. ಬ್ಯಾಲೆನ್ಸ್ ಶೀಟ್ ಓದೋಕೆ ಬರದೇ ಇದ್ರೂ ಪರವಾಗಿಲ್ಲ ಕಣ್ರೀ, ಪ್ಯಾಂಟ್ರಿ ನೋಡಿದ್ರೆ ಸಾಕು.

ಬೆಂಗಳೂರಿಗೆ ಇದೇನು ಹೊಸದಲ್ಲ ಬಿಡಿ. 2019ರ ಐಟಿ ಕಂಪ್ನಿ ಮೈಂಡ್‌ಟ್ರೀ ಕಥೆ ನೆನಪಿದೆಯಲ್ಲ, ಕಾಫಿ ಡೇ ಸಿದ್ಧಾರ್ಥ ಅವ್ರು ತಮ್ಮ ಶೇ 20ರಷ್ಟು ಪಾಲನ್ನ ಷೇರಿಗೆ 980 ರೂಪಾಯಿ ಹಂಗೆ ಎಲ್ ಅಂಡ್ ಟಿಗೆ ಕೊಟ್ರು, ಸ್ಥಾಪಕರು ಬೇಡವೇ ಬೇಡ ಅಂದ್ರು, ಅವರಲ್ಲೊಬ್ರಾದ ಸುಬ್ರೊತೊ ಬಾಗ್ಚಿಯವ್ರು ಒಡಿಶಾ ಸರ್ಕಾರದ ಹುದ್ದೆ ಬಿಟ್ಟು ಓಡಿ ಬಂದ್ರು, ಏನೂ ನಡೀಲಿಲ್ಲ, 2022ರಲ್ಲಿ ಎಲ್ ಅಂಡ್ ಟಿಯದೇ ಇನ್ನೊಂದು ಐಟಿ ಕಂಪ್ನಿ ಎಲ್‌ಟಿಐ ಜೊತೆ ಸೇರಿಸಿ, ಎರಡು ಹೆಸ್ರು ಅಂಟಿಸಿ ಎಲ್‌ಟಿಐಮೈಂಡ್‌ಟ್ರೀ ಆಯ್ತು. ಷೇರು ಇದ್ದೋರಿಗೆ ವೋಟು, ಸೀಟು ಇದ್ದೋರಿಗೆ ಹೊಸ ಐಡಿ ಕಾರ್ಡು. ಅದೇ ವರ್ಷ ಮಸ್ಕ್ ಸಾಹೇಬ್ರು 44 ಬಿಲಿಯನ್ ಡಾಲರ್‌ಗೆ ಟ್ವಿಟರ್ ತಗೊಂಡು ಒಂದೇ ವಾರದಲ್ಲಿ ಹೆಚ್ಚುಕಮ್ಮಿ ಅರ್ಧ ಜನಾನ ಮನೆಗೆ ಕಳ್ಸಿದ್ರು. ನೀವೆಲ್ಲಾ ನಮ್ ಫ್ಯಾಮಿಲಿ ಅಂತ ಸುಳ್ಳು ಹೇಳಿ ಟೈಮ್ ವೇಸ್ಟ್ ಮಾಡ್ಲಿಲ್ಲ ಪುಣ್ಯಾತ್ಮ.

ನಮ್ಮಲ್ಲಿ ಟೌನ್‌ಹಾಲ್ ಮಾಡಿದ್ರು, ಅಂದ್ರೆ ಎಲ್ಲರನ್ನೂ ಸೇರಿಸಿ ಮೀಟಿಂಗು. ಹೆಸ್ರು ಹಾಕ್ದೆ ಪ್ರಶ್ನೆ ಕೇಳ್ಬಹುದು. ಲೇಆಫ್ ಆಗುತ್ತಾ ಅನ್ನೋದಕ್ಕೆ ಎಲ್ಲಕ್ಕಿಂತ ಜಾಸ್ತಿ ಲೈಕು, ಬಾಸು ಉತ್ತರ ಕೊಟ್ಟಿದ್ದು ಪಾರ್ಕಿಂಗ್ ಬಗ್ಗೆ. ನಮ್ ಮ್ಯಾನೇಜರ್ರು ಒಬ್ಬೊಬ್ಬರನ್ನೇ ಮೂಲೆಗೆ ಕರ್ದು, "ನಂಗೇನಾದ್ರೂ ಗೊತ್ತಾದ್ರೆ ಫಸ್ಟ್ ನಿಂಗೇ ಹೇಳ್ತೀನಿ ಮಗಾ" ಅಂದ್ರು. ಟೀಮಲ್ಲಿರೋ ಎಲ್ರೂ ಫಸ್ಟೇ.

ನಗೋದು ಸಾಕು. ನಾನು ಬಿಟ್ಟು ಹೋಗ್ತೀನಿ ಅಂದ್ರೆ ಮೂರು ತಿಂಗಳು ನೋಟಿಸ್ ಕೊಡ್ಬೇಕು, ಅವರು ಬೇಡ ಅಂದ್ರೆ ಸಂಜೆಗೆ ಲ್ಯಾಪ್‌ಟಾಪ್ ಲಾಕ್. ಕೆಲ್ಸದಿಂದ ತೆಗೆಯೋ ನಿಯಮ ಬರ್ದಿಡಿ ಅನ್ನೋ ಸ್ಟ್ಯಾಂಡಿಂಗ್ ಆರ್ಡರ್ಸ್ ಕಾಯ್ದೆಯಿಂದ ಐಟಿಗೆ ಇದ್ದ ವಿನಾಯ್ತಿನ ನಮ್ ರಾಜ್ಯ ಸರ್ಕಾರ 2024ರಲ್ಲಿ ಇನ್ನೈದು ವರ್ಷ ಎಳೀತು. ಹೋಮ್ ಲೋನ್ ಕಟ್ಟೋರು, ಮಗು ಫೀಸು ಕಟ್ಟೋರು, ಊರಲ್ಲಿ ಅಪ್ಪನ ಡಯಾಲಿಸಿಸ್‌ಗೆ ಕಂಪ್ನಿ ಇನ್ಶೂರೆನ್ಸೇ ನಂಬಿರೋರು, ಇವರೆಲ್ಲಾ ಸೇರಿ ಯಾವನದೋ ಸ್ಲೈಡಲ್ಲಿ ಸಿನರ್ಜಿ, ಅಂದ್ರೆ ಎರಡು ಕಂಪ್ನಿ ಸೇರಿಸಿ ಖರ್ಚು ಉಳಿಸೋದು, ಅನ್ನೋ ಒಂದು ಸಾಲು. ಹೂಂ ಅಥವಾ ಉಹೂಂ, ಎರಡರಲ್ಲಿ ಒಂದು ಹೇಳೋಕೆ ಏನ್ರೀ ಕಷ್ಟ?

ಈಗಷ್ಟೇ ಎಚ್‌ಆರ್ ಮೇಲ್ ಬಂತು. ಈ ವರ್ಷದ ಗೋಲ್ಸ್ ಶುಕ್ರವಾರದೊಳಗೆ ತುಂಬ್ಬೇಕಂತೆ. ಐದು ವರ್ಷ ಆದ್ಮೇಲೆ ಈ ಕಂಪ್ನೀಲಿ ನೀವು ಯಾವ ಸ್ಥಾನದಲ್ಲಿರ್ತೀರಿ ಅನ್ನೋ ಕಾಲಂ ಕಡ್ಡಾಯ.