ನಿಮ್ಮ ಸ್ಪೀಡ್ ಟೆಸ್ಟಿಗಿಷ್ಟು ಬೆಂಕಿ ಹಾಕ

ಕಂಪನಿ ಲ್ಯಾಪ್‌ಟಾಪ್ ಮನೆ ಇಂಟರ್ನೆಟ್ಟಲ್ಲಿ ಸರಿಯಾಗಿ ಕೆಲಸ ಮಾಡ್ತಿಲ್ಲ ಅಂತ ಹೆಲ್ಪ್‌ಡೆಸ್ಕಿಗೆ ಫೋನ್ ಮಾಡಿ ನೋಡಿ. ಮೊದಲ ಪ್ರಶ್ನೆ: "ಸ್ಪೀಡ್ ಟೆಸ್ಟ್ ಮಾಡಿದ್ರಾ ಸರ್?" ಇಂಟರ್ನೆಟ್ ಕೊಟ್ಟವರಿಗೆ ಫೋನ್ ಮಾಡಿ. ಅವರದ್ದೂ ಅದೇ ರಾಗ: "ಸ್ಪೀಡ್ ಟೆಸ್ಟ್ ಹಾಕಿ ಸ್ಕ್ರೀನ್‌ಶಾಟ್ ಕಳ್ಸಿ ಮೇಡಂ." ಕಳಿಸಿದರೆ ಅದರಲ್ಲಿ ನೂರು ಎಂಬಿಪಿಎಸ್ ಬಂದಿರುತ್ತೆ. "ನಮ್ಮ ಕಡೆ ಎಲ್ಲ ಸರಿ ಇದೆ, ನಿಮ್ಮ ಲ್ಯಾಪ್‌ಟಾಪ್ ಪ್ರಾಬ್ಲಮ್" ಅಂತ ಇವರು ಫೋನ್ ಇಡ್ತಾರೆ. "ಬೇರೆಯವರಿಗೆಲ್ಲ ವಿಪಿಎನ್ ಬರ್ತಿದೆ, ನಿಮ್ಮ ಮನೆ ನೆಟ್ ಪ್ರಾಬ್ಲಮ್" ಅಂತ ಹೆಲ್ಪ್‌ಡೆಸ್ಕಿನವರು ಇಡ್ತಾರೆ. (ವಿಪಿಎನ್ ಅಂದರೆ ಇಂಟರ್ನೆಟ್ ಮೂಲಕ ಆಫೀಸಿನ ನೆಟ್‌ವರ್ಕಿಗೆ ಹೋಗೋ ಗುಟ್ಟಿನ ಸುರಂಗ.) ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು. ಆ ಕೂಸು ಒಂಬತ್ತೂವರೆ ಮೀಟಿಂಗಿಗೆ ಹಾಜರಿ ಹಾಕದಿದ್ದರೆ ಮ್ಯಾನೇಜರ್ ಮುಖ ಊದಿಸಿಕೊಂಡು ಕೂತಿರ್ತಾರೆ.

ಸ್ವಾಮಿ, ಸ್ಪೀಡ್ ಟೆಸ್ಟ್ ಅಳೆಯೋದು ಏನನ್ನ? ಹತ್ತಿರದ ಒಂದು ಸರ್ವರ್‌ಗೆ ಒಂದಷ್ಟು ಸೆಕೆಂಡು, ಸಾಮಾನ್ಯವಾಗಿ ಏಕಕಾಲಕ್ಕೆ ಹಲವು ಕನೆಕ್ಷನ್ ತೆರೆದು, ಎಷ್ಟು ಡೇಟಾ ತುರುಕಬಹುದು ಅಂತ. ನಡುವೆ ನಾಲ್ಕು ಪ್ಯಾಕೆಟ್ (ಡೇಟಾದ ತುಂಡು) ಬಿದ್ದು ಹೋದರೂ ಮತ್ತೆ ಕಳಿಸಿಕೊಂಡು ಸರಾಸರಿಯಲ್ಲಿ ಮುಚ್ಚಿ ಹಾಕುತ್ತೆ. ವೀಡಿಯೊ ಕಾಲ್‌ಗೆ ಬೇಕಾಗಿರೋದೇ ಒಂದೆರಡು, ಹೆಚ್ಚೆಂದರೆ ನಾಲ್ಕು ಎಂಬಿಪಿಎಸ್. 40ರ ಪ್ಲಾನೇ ಅದಕ್ಕೆ ಧಾರಾಳ. ಅದಕ್ಕೆ ನಿಜವಾಗಿ ಬೇಕಾದದ್ದು ಬೇರೆ: ಪ್ಯಾಕೆಟ್ ನಷ್ಟ ಶೇಕಡಾ 1ಕ್ಕಿಂತ ಕಡಿಮೆ, ಜಿಟ್ಟರ್ (ಪ್ಯಾಕೆಟ್ ಬರೋ ಸಮಯದ ಏರಿಳಿತ) 30 ಮಿಲಿಸೆಕೆಂಡ್ ಒಳಗೆ, ಹೋಗಿ ಬರೋ ಸಮಯ 100 ಮಿಲಿಸೆಕೆಂಡ್ ಒಳಗೆ. ಇದನ್ನ ನೋಡೋಕೆ ಅರ್ಧ ಗಂಟೆ ಪಿಂಗ್ (ಪುಟ್ಟ ಪ್ಯಾಕೆಟ್ ಕಳಿಸಿ ಉತ್ತರ ಬರುತ್ತಾ ನೋಡೋ ಆದೇಶ) ಓಡಿಸಿ ಬಿಡಬೇಕು. ಅಷ್ಟು ಪುರುಸೊತ್ತು ಯಾರಿಗಿದೆ? ಸರ್ಕಾರದ ಲೆಕ್ಕವೂ ವೇಗದ್ದೇ. 2023ರ ಜನವರಿಯಲ್ಲಿ ಬ್ರಾಡ್‌ಬ್ಯಾಂಡ್ ಅನ್ನೋ ಹೆಸರಿಗೆ ಬೇಕಾದ ಕನಿಷ್ಠ ಡೌನ್‌ಲೋಡ್ ವೇಗವನ್ನ 512 ಕೆಬಿಪಿಎಸ್‌ನಿಂದ 2 ಎಂಬಿಪಿಎಸ್‌ಗೆ ಏರಿಸಿದರು. ಸಂತೋಷ. ಆದರೆ ನೂರು ಎಂಬಿಪಿಎಸ್ ಇದ್ದೂ ಆಫೀಸಿನ ಒಂದು ಎಕ್ಸೆಲ್ ಫೈಲ್ ತೆರೆಯೋಲ್ಲ ಅನ್ನೋನ ಗತಿ ಏನು?

ಮೊದಲ ದಿನದಿಂದಲೇ ಶುರು ಮಾಡೋಣ. ಲ್ಯಾಪ್‌ಟಾಪ್ ಕೊರಿಯರ್‌ನಲ್ಲಿ ಬರುತ್ತೆ. ಡಬ್ಬ ಬಿಚ್ಚಿ, ವೈಫೈಗೆ ಸೇರಿಸಿ, ಕಂಪನಿ ಐಡಿ ಪಾಸ್‌ವರ್ಡ್ ಹಾಕಿದರೆ "ಲಾಗಾನ್ ಸರ್ವರ್ ಲಭ್ಯವಿಲ್ಲ" ಅಂತ ಬರುತ್ತೆ. ಯಾಕೆ? ಡೊಮೈನ್‌ಗೆ, ಅಂದರೆ ಕಂಪನಿಯ ಲಾಗಿನ್ ವ್ಯವಸ್ಥೆಗೆ, ಸೇರಿಸಿದ ಲ್ಯಾಪ್‌ಟಾಪ್‌ನಲ್ಲಿ ನೀವು ಒಮ್ಮೆಯೂ ಲಾಗಿನ್ ಆಗಿಲ್ಲದಿದ್ದರೆ ನಿಮ್ಮ ಪಾಸ್‌ವರ್ಡಿನ ಗುರುತು ಅದರೊಳಗೆ ಇರೋಲ್ಲ. ಆಫೀಸಿನ ಸರ್ವರ್‌ನ ಕೇಳಬೇಕು. ಸರ್ವರ್ ಸಿಗಬೇಕಾದರೆ ವಿಪಿಎನ್ ಬೇಕು. ವಿಪಿಎನ್ ಐಕಾನ್ ಇರೋದು ಲಾಗಿನ್ ಆದ ಮೇಲೆ ಬರೋ ಡೆಸ್ಕ್‌ಟಾಪ್‌ನಲ್ಲಿ! ಇದಕ್ಕೆ ಮದ್ದು ಇಲ್ಲದೆ ಇಲ್ಲ. ಲಾಗಿನ್‌ಗೂ ಮುಂಚೆ ಸೇರಿಕೊಳ್ಳೋ ವಿಪಿಎನ್ ಸೌಲಭ್ಯವನ್ನ ಐಟಿಯವರು ಹಾಕಿ ಕಳಿಸಿದ್ದರೆ ಲಾಗಿನ್ ಪರದೆಯ ಕೆಳಗೆ ಬಲ ಮೂಲೆಯಲ್ಲಿ ಅದರ ಗುರುತು ಇರುತ್ತೆ, ಅದನ್ನ ಒತ್ತಿ ಸೇರಬಹುದು. ಹಾಕಿರದಿದ್ದರೆ ಲ್ಯಾಪ್‌ಟಾಪ್ ಹೊತ್ತುಕೊಂಡು ಆಫೀಸಿಗೇ ಹೋಗಬೇಕು. ಹಾಸನದಲ್ಲಿ ಕೂತು ಕೆಲಸ ಮಾಡಿ ಅಂತ ಲ್ಯಾಪ್‌ಟಾಪ್ ಕಳಿಸಿ, ಅದನ್ನ ಬೆಂಗಳೂರಿಗೆ ತಂದು ಒಂದು ಸಲ ಲಾಗಿನ್ ಆಗಿ ಹೋಗಿ ಅನ್ನೋದು ಯಾವ ನ್ಯಾಯ? ಪಾಸ್‌ವರ್ಡ್ ಅವಧಿ ಮುಗಿದಾಗಲೂ ಇದೇ ಸುಳಿ: ವಿಪಿಎನ್ ಇಲ್ಲದೆ ಬದಲಾಯಿಸೋಕಾಗಲ್ಲ, ಬದಲಾಯಿಸದೆ ವಿಪಿಎನ್ ಬಿಡಲ್ಲ. ಮುಗಿಯೋಕೆ ಒಂದು ವಾರ ಮುಂಚೆಯೇ, ವಿಪಿಎನ್ ಸೇರಿರೋವಾಗಲೇ, ಕಂಟ್ರೋಲ್ ಆಲ್ಟ್ ಡಿಲೀಟ್ ಒತ್ತಿ ಬದಲಾಯಿಸಿಬಿಡಿ.

ಈಗ ಅಸಲಿ ರೋಗಕ್ಕೆ ಬರೋಣ. ವಿಪಿಎನ್ ಹಸಿರಾಗಿದೆ. ಚಾಟ್ ಹೋಗುತ್ತೆ. ಮೇಲ್‌ಗಳ ಪಟ್ಟಿ ಬರುತ್ತೆ, ಅಟ್ಯಾಚ್‌ಮೆಂಟ್ ತೆರೆದರೆ ಸುತ್ತುತ್ತಲೇ ಇರುತ್ತೆ. ಆಫೀಸಿನ ಒಳಗಿನ ವೆಬ್‌ಸೈಟಿನ ಹೆಸರು ಮೇಲೆ ಟ್ಯಾಬ್‌ನಲ್ಲಿ ಕಾಣುತ್ತೆ, ಕೆಳಗೆಲ್ಲ ಬಿಳಿ. ರಿಮೋಟ್ ಡೆಸ್ಕ್‌ಟಾಪ್ ಪಾಸ್‌ವರ್ಡ್ ಕೇಳಿ ಆಮೇಲೆ ಕಪ್ಪು ಪರದೆ. ಸಣ್ಣದೆಲ್ಲ ಹೋಗುತ್ತೆ, ದೊಡ್ಡದೆಲ್ಲ ಸಿಕ್ಕಿಹಾಕಿಕೊಳ್ಳುತ್ತೆ. ಈ ಲಕ್ಷಣ ಕೇಳಿದ ತಕ್ಷಣ "ಎಂಟಿಯು" (ಒಂದು ಪ್ಯಾಕೆಟ್ ಎಷ್ಟು ದೊಡ್ಡದಿರಬಹುದು ಅನ್ನೋ ಮಿತಿ) ಅಂತ ಬಾಯಿಗೆ ಬರದ ಐಟಿಯವರು ಹೆಲ್ಪ್‌ಡೆಸ್ಕಿನಲ್ಲಿ ಕೂರಬಾರದು.

ಲೆಕ್ಕ ಇಷ್ಟೇ. ಮಾಮೂಲಿ ಈಥರ್ನೆಟ್ಟಲ್ಲಿ ಒಂದು ಪ್ಯಾಕೆಟ್ 1500 ಬೈಟ್‌ವರೆಗೂ ಇರಬಹುದು. ನಿಮ್ಮದು ರೂಟರ್‌ನಲ್ಲಿ ಯೂಸರ್‌ನೇಮ್ ಪಾಸ್‌ವರ್ಡ್ ತುಂಬೋ ಪಿಪಿಪಿಒಇ ಕನೆಕ್ಷನ್ ಆದರೆ ಅದಕ್ಕೇ 8 ಬೈಟ್ ಹೋಗಿ 1492 ಉಳಿಯುತ್ತೆ. ಅದರ ಒಳಗೆ ವಿಪಿಎನ್ ತನ್ನದೊಂದು ಲಕೋಟೆ ಹಾಕುತ್ತೆ. ಐಪಿಸೆಕ್ ಅನ್ನೋ ಬಗೆಯ ವಿಪಿಎನ್ ಆದರೆ ಸುಮಾರು 50ರಿಂದ 80 ಬೈಟ್. ವೈರ್‌ಗಾರ್ಡ್ ಅನ್ನೋ ಬಗೆ ಆದರೆ ಹಳೆ ವಿಳಾಸ ಪದ್ಧತಿ ಐಪಿವಿ4 ಮೇಲೆ 60, ಹೊಸ ಪದ್ಧತಿ ಐಪಿವಿ6 ಮೇಲೆ 80. ಹೊರಗಿನ ದಾರಿ ಪೂರಾ 1500 ಅಂತ ನಂಬಿಕೊಂಡು ವಿಪಿಎನ್ ಪ್ಯಾಕೆಟ್ ತುಂಬಿಸಿದರೆ ಒಟ್ಟು ಗಾತ್ರ ದಾರಿಗಿಂತ ದೊಡ್ಡದಾಗುತ್ತೆ. ಆಗ ನಡುವಿನ ರೂಟರ್ "ದೊಡ್ಡದಾಯ್ತು, ಚಿಕ್ಕದು ಮಾಡಿ ಕಳಿಸು" ಅಂತ ಒಂದು ಐಸಿಎಂಪಿ ಸಂದೇಶ ವಾಪಸ್ ಕಳಿಸಬೇಕು, ಕಳಿಸುತ್ತೆ ಕೂಡ. ಆದರೆ ಭದ್ರತೆ ಹೆಸರಲ್ಲಿ ಯಾವನೋ ಪುಣ್ಯಾತ್ಮ ಫೈರ್‌ವಾಲ್‌ನಲ್ಲಿ ಐಸಿಎಂಪಿ ಪೂರ್ತಿ ಬಂದ್ ಮಾಡಿರುತ್ತಾನೆ. ಸಂದೇಶ ತಲುಪಲ್ಲ, ಲ್ಯಾಪ್‌ಟಾಪ್ ಅದೇ ದೊಡ್ಡ ಪ್ಯಾಕೆಟ್ಟನ್ನೇ ಮತ್ತೆ ಮತ್ತೆ ಕಳಿಸುತ್ತಾ ಕೂರುತ್ತೆ.

ಪರೀಕ್ಷೆ ಎರಡು ನಿಮಿಷದ ಕೆಲಸ. ಕಂಪನಿ ವಿಪಿಎನ್ ಇಲ್ಲದ ಮನೆಯ ಬೇರೆ ವಿಂಡೋಸ್ ಕಂಪ್ಯೂಟರಿನ ಕಮಾಂಡ್ ಪ್ರಾಂಪ್ಟ್‌ನಲ್ಲಿ ಪಿಂಗ್ -ಎಫ್ -ಎಲ್ 1472 1.1.1.1 ಅಂತ ಕೊಡಿ (ಅಕ್ಷರಗಳೆಲ್ಲ ಇಂಗ್ಲಿಷ್ ಸಣ್ಣಕ್ಷರ). 1472ಕ್ಕೆ ತಲೆಬರಹದ 28 ಸೇರಿ 1500. ಉತ್ತರ ಬಂದರೆ ದಾರಿ ಪೂರಾ ಇದೆ. ಪ್ಯಾಕೆಟ್ ಒಡೆಯಬೇಕು ಅಂತಲೋ, ಟೈಮ್ಡ್ ಔಟ್ ಅಂತಲೋ ಬಂದರೆ 1464 ಹಾಕಿ. ಅದು ಹೋದರೆ ನಿಮ್ಮದು 1492ರ ಲೈನು. ಆಮೇಲೆ ಕಂಪನಿ ಲ್ಯಾಪ್‌ಟಾಪ್‌ನಲ್ಲಿ ವಿಪಿಎನ್ ಹಾಕಿಕೊಂಡು, ಪಿಂಗ್‌ಗೆ ಉತ್ತರ ಕೊಡೋ ಆಫೀಸಿನ ಒಂದು ಸರ್ವರ್‌ಗೆ 1372ರಿಂದ ಶುರು ಮಾಡಿ ಹತ್ತತ್ತು ಇಳಿಸುತ್ತಾ ಹೋಗಿ. ಮೊದಲು ಹೋದ ಸಂಖ್ಯೆಗೆ 28 ಕೂಡಿಸಿದರೆ ನಿಮ್ಮ ವಿಪಿಎನ್ ಅಡಾಪ್ಟರ್‌ಗೆ ಇಡಬೇಕಾದ ಎಂಟಿಯು.

ಇಡೋದು ಹೇಗೆ? ವಿಂಡೋಸ್‌ನ ನೆಟ್‌ಶೆಲ್‌ನ ಒಂದೇ ಒಂದು ಸಾಲಿನ ಆದೇಶ, ಹತ್ತು ಸೆಕೆಂಡು. ಆದರೆ ಅದಕ್ಕೆ ಅಡ್ಮಿನ್ ಹಕ್ಕು ಬೇಕು. ದೇವರು ವರ ಕೊಟ್ಟರೂ ಪೂಜಾರಿ ಕೊಡ. ರೋಗ ಗೊತ್ತು, ಮದ್ದು ಗೊತ್ತು, ಮದ್ದಿನ ಕಪಾಟಿನ ಬೀಗದ ಕೈ ಹೆಲ್ಪ್‌ಡೆಸ್ಕಿನ ಹತ್ತಿರ. ಅವರೋ ಸ್ಪೀಡ್ ಟೆಸ್ಟ್ ಕೇಳ್ತಾ ಕೂತಿದ್ದಾರೆ. ರೂಟರ್‌ನಲ್ಲಿ ಎಂಎಸ್‌ಎಸ್ ಕ್ಲ್ಯಾಂಪಿಂಗ್ (ಪ್ಯಾಕೆಟ್ಟನ್ನ ಮೊದಲೇ ಚಿಕ್ಕದು ಮಾಡಿಸೋ ಸೆಟ್ಟಿಂಗ್) ಹಾಕಿ ಅಂತ ಯಾರಾದರೂ ಸಲಹೆ ಕೊಟ್ಟರೆ ನೆನಪಿಡಿ: ಅದು ಉಪಯೋಗಕ್ಕೆ ಬರೋದು ವಿಪಿಎನ್ ಟಿಸಿಪಿ (ತಲುಪಿತಾ ಅಂತ ಖಾತ್ರಿ ಮಾಡಿಕೊಳ್ಳೋ ಸಾಗಣೆ ವಿಧಾನ) ಮೇಲೆ ಓಡ್ತಿದ್ದರೆ ಮಾತ್ರ. ಐಪಿಸೆಕ್ ಅಥವಾ ಯುಡಿಪಿ (ಖಾತ್ರಿ ನೋಡದೆ ಕಳಿಸೋ ವಿಧಾನ) ಮೇಲೆ ಓಡೋ ಸುರಂಗದ ಒಳಗೆ ಏನಿದೆ ಅಂತ ಮನೆ ರೂಟರ್‌ಗೆ ಕಾಣೋದೇ ಇಲ್ಲ, ಇನ್ನು ಕ್ಲ್ಯಾಂಪ್ ಮಾಡೋದು ಏನನ್ನ? ನ್ಯಾಯವಾಗಿ ಕಂಪನಿಯವರೇ ವಿಪಿಎನ್ ಸರ್ವರ್ ಕಡೆಯಿಂದ ಎಲ್ಲರಿಗೂ 1300ರ ಆಸುಪಾಸಿಗೆ ಇಳಿಸಿಬಿಟ್ಟರೆ ಮುಗೀತು. ಒಂದಿಷ್ಟು ವೇಗ ಕಡಿಮೆಯಾಗಬಹುದು, ಯಾರಿಗೂ ಗೊತ್ತೂ ಆಗಲ್ಲ.

ಇನ್ನೊಂದು ಹುಚ್ಚು 192.168.1ರದ್ದು. ಮನೆ ರೂಟರ್ ಹಂಚೋ ಐಪಿ (ನೆಟ್‌ವರ್ಕ್ ವಿಳಾಸ) 192.168.1ರ ಸಾಲಿನದ್ದು. ಆಫೀಸಿನ ಫೈಲ್ ಸರ್ವರೂ, ಯಾರೋ ಹದಿನೈದು ವರ್ಷದ ಹಿಂದೆ ಇಟ್ಟದ್ದು, ಅದೇ ಸಾಲಿನಲ್ಲಿ 192.168.1.20. ಲ್ಯಾಪ್‌ಟಾಪ್‌ಗೆ ಅದು ಇದೇ ಮನೆಯಲ್ಲಿದೆ ಅನ್ನಿಸಿ ವಿಪಿಎನ್ ಕಡೆ ಕಳಿಸೋದೇ ಇಲ್ಲ, ಹಾಲ್‌ನಲ್ಲೇ ಹುಡುಕುತ್ತೆ. ಹೆಲ್ಪ್‌ಡೆಸ್ಕ್ ಏನು ಹೇಳುತ್ತೆ? "ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಟ್ರೈ ಮಾಡಿ." ಹಾಟ್‌ಸ್ಪಾಟ್‌ನಲ್ಲಿ ಬರುತ್ತೆ. ಐಫೋನ್ ಹಾಟ್‌ಸ್ಪಾಟ್ ಕೊಡೋದು 172.20.10ರ ಸಾಲು, ಅಲ್ಲಿ ಡಿಕ್ಕಿ ಇಲ್ಲ, ಅದಕ್ಕೇ ಬರುತ್ತೆ. "ನೋಡಿ, ನಿಮ್ಮ ಮನೆ ನೆಟ್ಟೇ ಸರಿಯಿಲ್ಲ" ಅಂತ ಟಿಕೆಟ್ (ದೂರು) ಮುಚ್ಚುತ್ತಾರೆ!

ಇದೊಂದನ್ನ ಮಾತ್ರ ಯಾರ ಕಾಲೂ ಹಿಡಿಯದೆ ಸರಿ ಮಾಡಿಕೊಳ್ಳಬಹುದು. ರೂಟರ್ ಪುಟಕ್ಕೆ ಹೋಗಿ, ಲ್ಯಾನ್ ಸೆಟ್ಟಿಂಗ್‌ನಲ್ಲಿ ಐಪಿಯನ್ನ 192.168.83.1 ಮಾಡಿ, ಡಿಎಚ್‌ಸಿಪಿ (ಐಪಿ ತಾನಾಗಿ ಹಂಚೋ ವ್ಯವಸ್ಥೆ) ಹಂಚೋದು 192.168.83.100ರಿಂದ 200ರವರೆಗೆ ಅಂತ ಇಟ್ಟು, ಸೇವ್ ಮಾಡಿ ರೀಸ್ಟಾರ್ಟ್ ಮಾಡಿ. 83 ಅನ್ನೋದರಲ್ಲಿ ಮಹಿಮೆ ಏನಿಲ್ಲ, 0 ಮತ್ತು 1 ಬಿಟ್ಟು ಯಾರೂ ಇಡದ ಸಂಖ್ಯೆ ಆದರೆ ಸಾಕು. 10ರಿಂದ ಶುರುವಾಗೋ ಸಾಲಿಗೆ ಹೋಗಬೇಡಿ, ದೊಡ್ಡ ಆಫೀಸುಗಳು ಅಲ್ಲೇ ಠಿಕಾಣಿ ಹೂಡಿರುತ್ತವೆ. ಪ್ರಿಂಟರ್, ಸಿಸಿ ಕ್ಯಾಮೆರಾಗಳಿಗೆ ಕೈಯಾರೆ ಐಪಿ ಇಟ್ಟಿದ್ದರೆ ಅವನ್ನೂ ಬದಲಾಯಿಸಬೇಕಾಗುತ್ತೆ.

ರೂಟರ್ ಪುಟಕ್ಕೆ ಹೋಗಿ ಅಂದದ್ದೇನೋ ಆಯ್ತು. ಹೋಗೋಕೆ ಬಿಟ್ಟರೆ ತಾನೆ? ಇಂಟರ್ನೆಟ್‌ನವರು ಕೊಟ್ಟ ಫೈಬರ್ ಡಬ್ಬದ ಅಡ್ಮಿನ್ ಪಾಸ್‌ವರ್ಡ್ ಕೇಳಿದರೆ ಆಸ್ತಿ ಪತ್ರ ಕೇಳಿದ ಹಾಗೆ ಆಡ್ತಾರೆ. ಕೊಡೋ ಯೂಸರ್ ಲಾಗಿನ್‌ನಲ್ಲಿ ವೈಫೈ ಹೆಸರು ಬದಲಾಯಿಸಬಹುದು, ಅಷ್ಟೇ. ಹಾಗಿದ್ದಾಗ ನಿಮ್ಮದೇ ಒಂದು ರೂಟರ್ ತಂದು ಅದರ ವ್ಯಾನ್ ಪೋರ್ಟನ್ನ ಡಬ್ಬದ ಲ್ಯಾನ್ ಪೋರ್ಟಿಗೆ ಸಿಕ್ಕಿಸಿ, ಆ 83ರ ಸಾಲನ್ನ ಅದರಲ್ಲಿ ಇಟ್ಟು, ಲ್ಯಾಪ್‌ಟಾಪ್‌ನ ನಿಮ್ಮ ರೂಟರ್‌ಗೆ ಸೇರಿಸಿ. ಡಬಲ್ ನ್ಯಾಟ್ (ಒಂದೇ ವಿಳಾಸದ ಹಂಚಿಕೆ ಎರಡು ಸಲ) ಆಗುತ್ತೆ ಅಂತ ಹೆದರಿಸೋರ ಮಾತು ಕೇಳಬೇಡಿ. ಒಳಗಿಂದ ಹೊರಗೆ ಹೋಗೋ ವಿಪಿಎನ್‌ಗೆ ಅದರಿಂದ ಸಾಮಾನ್ಯವಾಗಿ ಏನೂ ಆಗೋಲ್ಲ. ಎಷ್ಟೋ ಮನೆಗಳಿಗೆ ಸಿಗೋ ಐಪಿಯೇ 100.64ರಿಂದ 100.127ರ ನಡುವಿನದ್ದು, ಅಂದರೆ ಬೀದಿ ಪೂರ್ತಿ ಒಂದೇ ಹೊರಗಿನ ವಿಳಾಸ ಹಂಚಿಕೊಂಡಿರುತ್ತೆ. ಅಷ್ಟಾದ ಮೇಲೆ ಇನ್ನೊಂದು ನ್ಯಾಟ್‌ಗೆ ಏನು ಮಹಾ. ಈ ಹಂಚಿಕೆಯಿಂದ ತೊಂದರೆ ಬೇರೆ ಕಡೆ ಇದೆ: ಸುಮ್ಮನಿದ್ದ ಯುಡಿಪಿ ಸಂಪರ್ಕವನ್ನ ಇಂಟರ್ನೆಟ್‌ನವರ ಪೆಟ್ಟಿಗೆ ಬೇಗ ಕಿತ್ತು ಹಾಕುತ್ತೆ. ಊಟಕ್ಕೆ ಎದ್ದು ಬಂದರೆ ವಿಪಿಎನ್ ಸತ್ತಿರೋದು ಇದಕ್ಕೇ. 20-25 ಸೆಕೆಂಡಿಗೊಮ್ಮೆ ಕೀಪ್ ಅಲೈವ್ ("ಇನ್ನೂ ಇದ್ದೀನಿ" ಅನ್ನೋ ಪುಟ್ಟ ಪ್ಯಾಕೆಟ್) ಕಳಿಸೋ ಹಾಗೆ ಇಡಬೇಕು. ಅದನ್ನ ಇಡೋ ಬೀಗದ ಕೈ ಎಲ್ಲಿದೆ ಅಂತ ಮತ್ತೆ ಹೇಳಬೇಕಾ?

ವೈಫೈ ಬಗ್ಗೆ ಜಾಸ್ತಿ ಮಾತು ಬೇಡ. ಫೈಬರ್ ಹಾಕಲು ಬಂದ ಹುಡುಗ ತನಗೆ ಸುಲಭ ಅಂತ ಬಾಗಿಲ ಪಕ್ಕದ ಚಪ್ಪಲಿ ಸ್ಟ್ಯಾಂಡ್ ಮೇಲೆ ಡಬ್ಬ ಇಟ್ಟು ಹೋಗಿರ್ತಾನೆ, ಕೆಲಸದ ಕೋಣೆ ಎರಡು ಗೋಡೆ ಆಚೆ. 2.4 ಮತ್ತು 5 ಗಿಗಾಹರ್ಟ್ಸ್ ಎರಡಕ್ಕೂ ಒಂದೇ ಹೆಸರು ಇದ್ದರೆ ಲ್ಯಾಪ್‌ಟಾಪ್ ಹೋಗಿ 2.4ಕ್ಕೇ ಅಂಟಿಕೊಳ್ಳಬಹುದು. ಅಪಾರ್ಟ್‌ಮೆಂಟಲ್ಲಿ ಆ ಬ್ಯಾಂಡ್ ಅಂದರೆ ಸಂತೆ: ಒಂದಕ್ಕೊಂದು ತಾಗದ ಚಾನೆಲ್ ಇರೋದೇ 1, 6, 11 ಮೂರು. ಬೇರೆ ಬೇರೆ ಹೆಸರು ಇಟ್ಟು 5ಕ್ಕೇ ಸೇರಿಸಿ. ಅದಕ್ಕಿಂತ ಮೇಲು ತಂತಿ ಎಳೆಯೋದು. ಕ್ಯಾಟ್5ಇ ಕೇಬಲ್ 100 ಮೀಟರ್‌ವರೆಗೂ ಗಿಗಾಬಿಟ್ ಕೊಡುತ್ತೆ, ಮನೆಗೆ ಅದೇ ಹೆಚ್ಚು. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಕೇಬಲ್ ತಗೋಬೇಡಿ. ನಾಲ್ಕು ಜೋಡಿಯೂ ಕ್ರಿಂಪ್ ಆಗಿದೆಯಾ ನೋಡಿ, ಎರಡೇ ಜೋಡಿ ಕೂರಿಸಿದ್ದರೆ 100ಕ್ಕಿಂತ ಮೇಲೆ ಏಳಲ್ಲ. ಈಗಿನ ತೆಳ್ಳನೆ ಲ್ಯಾಪ್‌ಟಾಪ್‌ಗಳಲ್ಲಿ ಲ್ಯಾನ್ ತೂತೇ ಇರೋಲ್ಲ, ಯುಎಸ್‌ಬಿ-ಸಿ ಅಡಾಪ್ಟರ್ ಬೇಕು. ತಂದು ಸಿಕ್ಕಿಸಿದರೆ "ಈ ಸಾಧನವನ್ನು ನಿಮ್ಮ ಸಂಸ್ಥೆ ನಿರ್ಬಂಧಿಸಿದೆ". ಕೊಳ್ಳೋಕೆ ಮುಂಚೆ ಯಾವ ಮಾಡೆಲ್‌ಗೆ ಅನುಮತಿ ಇದೆ ಅಂತ ಮೇಲ್‌ನಲ್ಲಿ ಕೇಳಿ ಇಟ್ಟುಕೊಳ್ಳಿ.

ಕರೆಂಟು. ಇನ್ವರ್ಟರ್ ಇದ್ದ ಮನೆಯಲ್ಲೂ ಕರೆಂಟ್ ಹೋಗಿ ಇನ್ವರ್ಟರ್ ಹಿಡಿಯೋ ಆ ಕಣದಲ್ಲಿ ಫೈಬರ್ ಡಬ್ಬ ಆರಿ ಹತ್ತುತ್ತೆ. ಅದು ಎದ್ದು ನಿಲ್ಲೋಕೆ ಎರಡು ಮೂರು ನಿಮಿಷ, ವಿಪಿಎನ್‌ಗೆ ಮತ್ತೆ ಓಟಿಪಿ, ಅಷ್ಟರಲ್ಲಿ ಮೀಟಿಂಗ್‌ನಲ್ಲಿ ನಿಮ್ಮ ಹೆಸರು ಮೂರು ಸಲ ಕೂಗಿ ಆಗಿರುತ್ತೆ. ಡಿಸಿ ಮಿನಿ ಯುಪಿಎಸ್ ಹಾಕಿದರೆ ಈ ಕಾಟ ತಪ್ಪುತ್ತೆ. ಅಡಾಪ್ಟರ್ ಮೇಲೆ ಬರೆದ ವೋಲ್ಟೇಜ್ (ಬಹುತೇಕ 12, ಕೆಲವಕ್ಕೆ 9) ಮತ್ತು ಆಂಪಿಯರ್ ನೋಡಿ ತಗೊಳ್ಳಿ, ಪಿನ್ ಅಳತೆಯೂ ಹೊಂದಬೇಕು. ಆದರೆ ದುಡ್ಡು ಹಾಕೋಕೆ ಮುಂಚೆ ಕೇಬಲ್‌ನವರನ್ನ ಒಂದು ಮಾತು ಕೇಳಿ: ಬೀದಿಯಲ್ಲಿರೋದು ಬರೀ ಸ್ಪ್ಲಿಟರ್‌ರಾ, ಸ್ವಿಚ್ಚಾ? ಸ್ಪ್ಲಿಟರ್ ಫೈಬರಿನ ಬೆಳಕನ್ನ ಹಂಚುತ್ತೆ ಅಷ್ಟೇ, ಅದಕ್ಕೆ ಕರೆಂಟ್ ಬೇಡ. ಯಾರದ್ದೋ ಮಹಡಿ ಮೇಲೆ ಸ್ವಿಚ್ ಇಟ್ಟು, ಅಲ್ಲಿಂದ ಲ್ಯಾನ್ ಕೇಬಲ್ ಎಳೆದಿದ್ದರೆ, ಆ ಸ್ವಿಚ್‌ಗೆ ಬ್ಯಾಟರಿ ಇಲ್ಲದಿದ್ದರೆ, ನಿಮ್ಮ ಮಿನಿ ಯುಪಿಎಸ್ ಬರೀ ಹಸಿರು ದೀಪ ಉರಿಸುತ್ತೆ. ಹಾಗೇ ಡಬ್ಬದಲ್ಲಿ ಕೆಂಪು ಲಾಸ್ (ಎಲ್‌ಓಎಸ್ ಅಂತ ಬರೆದ) ದೀಪ ಬಂದರೆ ರೀಸ್ಟಾರ್ಟ್ ಮಾಡಿ ಪ್ರಯೋಜನ ಇಲ್ಲ, ಬೆಳಕೇ ಬರ್ತಿಲ್ಲ. ದೀಪ ಸರಿಯಿದ್ದೂ ಆಗಾಗ ಬಿಡ್ತಿದ್ದರೆ ಡಬ್ಬದ ಪುಟದಲ್ಲಿ ಆರ್‌ಎಕ್ಸ್ ಪವರ್ (ಬರೋ ಬೆಳಕಿನ ಬಲ) ನೋಡಿ: ಮೈನಸ್ 27 ಡಿಬಿಎಂ ಹತ್ತಿರ ಇದ್ದರೆ ಎಲ್ಲೋ ಫೈಬರ್ ಮಡಿಸಿರಬಹುದು, ಇಲ್ಲ ಕನೆಕ್ಟರ್ ಕೊಳೆಯಾಗಿರಬಹುದು. ಆ ಸಂಖ್ಯೆ ಹೇಳಿ ದೂರು ಕೊಟ್ಟರೆ ಪವರ್ ಮೀಟರ್ ಇರೋ ಮನುಷ್ಯ ಬರ್ತಾನೆ. "ನೆಟ್ ಸ್ಲೋ" ಅಂದರೆ ಮತ್ತದೇ ಸ್ಪೀಡ್ ಟೆಸ್ಟ್.

ಹೆಲ್ಪ್‌ಡೆಸ್ಕಿಗೂ ಹಾಗೇ ಬರೀರಿ. ವಿಪಿಎನ್ ಇಲ್ಲದೆ ಹೋದ ಅತಿ ದೊಡ್ಡ ಪಿಂಗ್ ಗಾತ್ರ, ವಿಪಿಎನ್ ಒಳಗೆ ಹೋದ ಅತಿ ದೊಡ್ಡ ಗಾತ್ರ, ಮನೆಯ ಐಪಿ ಸಾಲು, ತಂತಿಯೋ ವೈಫೈಯೋ, ಬಿಟ್ಟು ಹೋದ ನಿಖರ ಸಮಯ. "ವಿಪಿಎನ್ ಅಡಾಪ್ಟರ್‌ನ ಎಂಟಿಯು ಇಷ್ಟಕ್ಕೆ ಇಳಿಸಿ" ಅಂತ ಸಂಖ್ಯೆ ಸಮೇತ ಕೇಳಿ, ನೆಟ್‌ವರ್ಕ್ ತಂಡಕ್ಕೆ ಕಳಿಸಿ ಅಂತಲೂ ಬರೀರಿ. ಕೊನೆಯಲ್ಲಿ ನಿಮ್ಮ ಮೊಬೈಲ್ ನಂಬರ್ ಹಾಕೋದು ಮರೀಬೇಡಿ. ಯಾಕಂದ್ರೆ ಅವರು ಉತ್ತರ ಕಳಿಸೋದು ಆಫೀಸ್ ಮೇಲ್‌ಗೆ, ಆ ಮೇಲ್ ತೆರೆಯೋಕೆ ಬೇಕು ವಿಪಿಎನ್, ಮೂರು ದಿನ ಉತ್ತರ ಬರದಿದ್ದರೆ "ಬಳಕೆದಾರರಿಂದ ಪ್ರತಿಕ್ರಿಯೆ ಇಲ್ಲ" ಅಂತ ಟಿಕೆಟ್ ತಾನೇ ಮುಚ್ಚಿಕೊಳ್ಳುತ್ತೆ.